ಬೆಟ್ಟಕ್ಕೆ ಸಕ್ಕರೆ ಕಾಯಿಲೆ ಇಲ್ಲ

ಮಧುಗಿರಿಯ ಬೆಟ್ಟಕ್ಕೆ ಸಕ್ಕರೆ ಕಾಯಿಲೆ ಇಲ್ಲವೆಂದು ಸಾಬೀತು ಮಾಡಿದವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ಊಟಕ್ಕೆ ಮುಂಚೆ ಬೆಟ್ಟಕ್ಕೆ ನೂರಾ ಹನ್ನೆರಡು ಇತ್ತು. ಊಟವಾದ ಮೇಲೆ, ಅಂದರೆ ನಾವಿಬ್ಬರೂ ಮನೆಗೆ ಹೋಗಿ ಉಂಡು ಬಂದ ಮೇಲೆ, ನೂರಾ ಇಪ್ಪತ್ತೊಂದು. "ಈ ವಯಸ್ಸಿಗೆ ಇಷ್ಟಿದ್ರೆ ಏನೂ ಮೋಸ ಇಲ್ಲ ಕಣಮ್ಮ" ಎಂದು ಮಾವ ಬಂಡೆಯ ಬೆನ್ನು ತಟ್ಟಿದರು.

ನೀವು ನಗಬಹುದು. ನಾನೂ ನಕ್ಕೆ. ಆದರೆ ಸಕ್ಕರೆ ಅಳೆದ ಅದೇ ಯಂತ್ರ ಬಂಡೆಯ ನಾಡಿಬಡಿತವನ್ನೂ ತೋರಿಸುತ್ತಿತ್ತು. ನಿಮಿಷಕ್ಕೆ ಎಪ್ಪತ್ತೆರಡು. ಉರಿಬಿಸಿಲಿನ ಮಧ್ಯಾಹ್ನ, ಸುತ್ತ ಒಂದು ಹಕ್ಕಿಯ ಸದ್ದೂ ಇಲ್ಲ, ಕಾದ ಕಲ್ಲಿನ ಮೇಲೆ ನನ್ನ ಅಂಗೈ ಇದೆ, ಪಕ್ಕದಲ್ಲಿ ಒಂದು ಹಸಿರು ದೀಪ ಕಲ್ಲಿನ ಎದೆ ಬಡಿತವನ್ನು ಎಣಿಸುತ್ತಿದೆ. ಅಂಥ ಹೊತ್ತಿನಲ್ಲಿ ನಗು ಎಷ್ಟು ದೂರ ಹೋಗುತ್ತದೆ ಹೇಳಿ? ನಾನು ಮೆಲ್ಲಗೆ ಕೈ ತೆಗೆದುಕೊಂಡೆ.

ಇದು ಹೇಗಾಯಿತೆಂದು ಮೊದಲಿನಿಂದ ಹೇಳಬೇಕು.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ತಕ್ಕಡಿಗಳಿಗೂ ತೂಕದ ಕಲ್ಲುಗಳಿಗೂ ಮುದ್ರೆ ಒತ್ತಿ ಒತ್ತಿ ನಿವೃತ್ತರಾದರು. ನಾನು ಇಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಬೆಟ್ಟದ ಬುಡದಲ್ಲಿರುವ ಅವರ ಮನೆಯಲ್ಲೇ ನನ್ನ ವಾಸ. ಹಾಗಾಗಿ ಮಾವನ ತತ್ವಶಾಸ್ತ್ರವನ್ನು ದಿನಕ್ಕೆರಡು ಬಾರಿ ಕಾಫಿಯ ಜೊತೆ ಕುಡಿಯುವ ಯೋಗ ನನ್ನದು. ಆ ತತ್ವಶಾಸ್ತ್ರ ಒಂದೇ ಸಾಲಿನದು: "ಖಾಲಿ ತಟ್ಟೆ ಏನ್ ಹೇಳ್ತದೆ ನೋಡು ಮೊದ್ಲು."

ಏನಾದರೂ ಇಟ್ಟರೆ ಎಂಥ ತಕ್ಕಡಿಯೂ ತೂಗುತ್ತದೆಯಂತೆ. ಏನೂ ಇಡದಿದ್ದಾಗ ಅದು ಸುಮ್ಮನಿರುತ್ತದೆಯೇ ಎನ್ನುವುದರಲ್ಲೇ ಅದರ ನಿಯತ್ತು ಇರುವುದಂತೆ. ನಿವೃತ್ತರಾದ ಮೇಲೂ ಯಾವ ಅಂಗಡಿಗೆ ಹೋದರೂ ಮೊದಲು ತಕ್ಕಡಿಯ ಮುಂದೆ ಬಗ್ಗಿ ನಿಂತು ಖಾಲಿ ತಟ್ಟೆಯನ್ನು ದಿಟ್ಟಿಸುತ್ತಾರೆ. ಕೊರಟಗೆರೆಯ ದಿನಸಿ ಅಂಗಡಿಯವನೊಬ್ಬ ಒಮ್ಮೆ ರೇಗಿದ. "ಸಾರ್, ನೀವು ರಿಟೈರ್ ಆಗಿ ಆರು ವರ್ಸ ಆಯ್ತು!"

"ನಿನ್ ತಕ್ಕಡಿ ಆಗಿಲ್ವಲ್ಲಪ್ಪ" ಎಂದರು ಮಾವ.

ನನ್ನನ್ನು ನೋಡಲು ಒಂದು ಗಂಡು ಬಂದಿತ್ತು. ಹುಡುಗನ ಎತ್ತರ ಐದು ಅಡಿ ಒಂಬತ್ತು ಇಂಚು ಎಂದು ಜಾತಕದ ಜೊತೆ ಕಳಿಸಿದ್ದ ಕಾಗದದಲ್ಲಿ ಬರೆದಿತ್ತು. ಉಪ್ಪಿಟ್ಟು ಕೊಟ್ಟದ್ದೇ ತಡ, ಮಾವ ಒಳಗಿನಿಂದ ಟೇಪು ತಂದು ಹುಡುಗನನ್ನು ಗೋಡೆಗೆ ನಿಲ್ಲಿಸಿದರು. ಐದು ಅಡಿ ಏಳೂವರೆ! "ಮಿಕ್ಕಿದ್ದು ಒಂದೂವರೆ ಇಂಚು ಎಲ್ಲೋಯ್ತು?" ಎಂದು ಹುಡುಗನ ತಂದೆಯನ್ನು ಕೇಳಿದರು. ಅವರು ಕಾಫಿಗೂ ಕಾಯದೆ ಎದ್ದು ಹೋದರು. ಆ ಉಪಕಾರಕ್ಕೆ ನಾನು ಮಾವನಿಗೆ ಇನ್ನೂ ಬಾಯಿಬಿಟ್ಟು ಕೃತಜ್ಞತೆ ಹೇಳಿಲ್ಲ.

ಇಂಥವರ ಕೈಗೆ ಸಿಕ್ಕ ಕೊನೆಯ ಅಳತೆ ನನ್ನ ಅತ್ತೆಯ ರಕ್ತದ ಸಕ್ಕರೆ.

ಅತ್ತೆ ಪಾವಗಡದ ಆಚೆಯ ಹಳ್ಳಿಯವರು. ಹುಟ್ಟುಮಾತು ತೆಲುಗು, ಮದುವೆಯಾದ ಮೇಲೆ ಕನ್ನಡ. ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ಬಹುಪಾಲು ತಿಂದುಹಾಕಿದೆ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎನ್ನುವಷ್ಟು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಆದರೆ ಕಣ್ಣಿನ ಕೆಲಸವನ್ನೆಲ್ಲ ಅವರ ಬಲಗೈ ತೋರುಬೆರಳು ವಹಿಸಿಕೊಂಡಿತ್ತು. ಮಳೆಗಾಲಕ್ಕೆ ಮುಂಚೆ ಮಾವನ ಹುಟ್ಟೂರಾದ ಗೌಡಗೆರೆಯಿಂದ ನೆಂಟರು ಬಿತ್ತನೆಯ ಕಡಲೆಬೀಜದ ಚೀಲ ತಂದಿಳಿಸುತ್ತಾರೆ. ಕಡಲೆಬೀಜದ ಕೆಂಪು ಸಿಪ್ಪೆ ಕೂದಲೆಳೆಯಷ್ಟು ಹರಿದಿದ್ದರೂ ಆ ಬೀಜ ಮಣ್ಣಿನಲ್ಲಿ ಕೊಳೆಯುತ್ತದೆಯೇ ಹೊರತು ಮೊಳೆಯುವುದು ಕಷ್ಟ. ಕಣ್ಣಿರುವವರಿಗೆ ತಪ್ಪಿಹೋಗುವ ಆ ಹರುಕು ಅತ್ತೆಯ ಬೆರಳಿಗೆ ತಪ್ಪುತ್ತಿರಲಿಲ್ಲ. ಮೊರದ ಮುಂದೆ ಕೂತು, ಗೋಡೆ ನೋಡುತ್ತ, ಒಂದೊಂದೇ ಬೀಜವನ್ನು ಬೆರಳ ತುದಿಯಲ್ಲಿ ಉರುಳಿಸಿ ಎಡಕ್ಕೆ ಬಲಕ್ಕೆ ಎಸೆಯುತ್ತಿದ್ದರು. ಮನೆಯಲ್ಲಿ ಅವರಿಗೆ ಉಳಿದಿದ್ದ ದೊಡ್ಡ ಮರ್ಯಾದೆ ಅದು.

ತೊಂದರೆ ಎಲ್ಲಿತ್ತೆಂದರೆ, ಅವರಿಗೆ ಸಕ್ಕರೆ ಏರುವುದಕ್ಕಿಂತ ಇಳಿಯುವುದೇ ಭಯ. ಇನ್ಸುಲಿನ್ ತೆಗೆದುಕೊಳ್ಳುವ ಬೇರೆಯವರಿಗೆ ಸಕ್ಕರೆ ತೀರಾ ಇಳಿದರೆ ಬೆವರುತ್ತದೆ, ಕೈ ನಡುಗುತ್ತದೆ. ಅತ್ತೆಗೆ ಯಾವ ಮುನ್ಸೂಚನೆಯೂ ಇಲ್ಲ. ನೆಟ್ಟಗೆ ಕೂತಿರುತ್ತಾರೆ, ಹಾಗೆಯೇ ಹೋಗಿಬಿಡಬಹುದು. ಆದ್ದರಿಂದ ದಿನಕ್ಕೆ ಎರಡು ಮೂರು ಸಲ ಅಳೆಯಲೇಬೇಕು. ಅಳೆಯಲು ರಕ್ತ ಬೇಕು. ರಕ್ತಕ್ಕೆ ಬೆರಳು ಚುಚ್ಚಬೇಕು. ಬೆರಳೇ ಅವರ ಕಣ್ಣು.

ಮಾವ ಪ್ರತಿದಿನ ಬೆಳಿಗ್ಗೆ ಪೂಜೆಗೆ ಕೂತವರಂತೆ ಕೂರುತ್ತಿದ್ದರು. ಅತ್ತೆಯ ಕೈ ತೊಳೆಸಿ, ಒರೆಸಿ, ಬಲಗೈ ತೋರುಬೆರಳ ನಟ್ಟನಡುವೆ ಚುಚ್ಚಿ, ಹನಿಯನ್ನು ಮೀಟರಿಗೆ ಮುಟ್ಟಿಸುತ್ತಿದ್ದರು. ಬೆರಳು ಬದಲಾಯಿಸುತ್ತಾ ಇರಿ, ತುದಿಗೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ ಎಂದು ಡಾಕ್ಟರು ಹೇಳಿದ್ದರು. ಮಾವ ತಲೆಯಾಡಿಸಿ ಬಂದಿದ್ದರು. "ಅಳತೆ ಅಂದ್ಮೇಲೆ ದಿನಾ ಒಂದೇ ಜಾಗದಾಗೆ ತಗೀಬೇಕು. ಇವತ್ತು ಈ ಬೆರಳು, ನಾಳೆ ಆ ಬೆರಳು ಅಂದ್ರೆ ಲೆಕ್ಕ ಹೆಂಗ್ ಕೂಡ್ತದೆ? ಡಾಕ್ಟ್ರಿಗೆ ಅಳತೆ ವಿಷ್ಯ ಏನ್ ಗೊತ್ತು!" ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಎಂ.ಎಸ್ಸಿ. ಓದಿದ ನನಗೂ ಅದು ಶಿಸ್ತಾದ ಮಾತೆಂದೇ ಕಂಡಿತ್ತು.

ಸಕ್ಕರೆ ಇಳಿದರೆ ಏನಾಗುತ್ತದೆಂದು ನಾನು ಮೊದಲ ಸಲ ಕಂಡದ್ದು ಒಂದು ಮಂಗಳವಾರ, ಹಗಲು ಹನ್ನೊಂದು ಗಂಟೆಗೆ. ಪಕ್ಕದ ಮನೆಯ ಪುಟ್ಟತಾಯಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಿದ್ದರು. ನಡುಮನೆಯ ಚಾಪೆಯ ಮೇಲೆ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಇದ್ದಕ್ಕಿದ್ದಂತೆ ಬಾಗಿಲಿನತ್ತ ಮುಖವೆತ್ತಿ, ನಾನು ಎಂದೂ ಕೇಳಿರದ ಎಳೆಯ ದನಿಯಲ್ಲಿ, "ಅಕ್ಕಾ, ಎಪ್ಪುಡೊಚ್ಚಿನಾವೇ? ಲೋಪಲಿಕಿ ರಾ" ಎಂದರು. ಯಾವಾಗ ಬಂದೆ ಅಕ್ಕ, ಒಳಗೆ ಬಾ ಎಂದು.

ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅತ್ತೆಯ ಅಕ್ಕ ತೀರಿಕೊಂಡದ್ದು ನಾನು ಹುಟ್ಟಿದ ವರ್ಷ. ಅತ್ತೆ ನಗುತ್ತ ಸರಿದು ಚಾಪೆಯಲ್ಲಿ ಜಾಗ ಮಾಡಿಕೊಟ್ಟರು. ದೆವ್ವ ಭೂತಗಳನ್ನು ನಂಬದ ನಾನೂ, ಯಾರಿಗೋ ದಾರಿ ಬಿಡುವವಳಂತೆ ಗೋಡೆಗೆ ಒತ್ತಿ ನಿಂತಿದ್ದೆ!

ಪುಟ್ಟತಾಯಮ್ಮ ಮಜ್ಜಿಗೆಯ ಲೋಟವನ್ನು ನೆಲಕ್ಕಿಟ್ಟು ಅಡ್ಡಬಿದ್ದರು. "ತಾಯೀ, ಮೈಮ್ಯಾಲೆ ಬಂದಿದ್ದೀಯ! ನನ್ ಮಗ್ಳಿಗೆ ಯಾವಾಗವ್ವ ಕಂಕಣ ಕೂಡೋದು?"

ಅತ್ತೆ ಅವರ ತಲೆಯ ಮೇಲಿನಿಂದ ಎಲ್ಲೋ ನೋಡುತ್ತ, "ಮೀ ಇಂಟಿ ಮುಂದರ ಎವರೋ ಕೂರ್ಚೋನುಂಡಾರು" ಎಂದರು.

ಅಷ್ಟರಲ್ಲಿ ಹಿತ್ತಲಿನಿಂದ ಮಾವ ಓಡಿಬಂದು ಬೆರಳು ಚುಚ್ಚಿದರು. ನಲವತ್ತಾರು. ಸಕ್ಕರೆಯನ್ನು ನೀರಲ್ಲಿ ಕಲಸಿ ಅತ್ತೆಯ ಕೆನ್ನೆಯ ಒಳಗೆ ಸವರಿದರು, ಗುಟುಕು ಇಳಿಯತೊಡಗಿದ ಮೇಲೆ ಚಮಚದಲ್ಲಿ ಕುಡಿಸಿದರು. ಕಾಲು ಗಂಟೆಯಲ್ಲಿ ಅತ್ತೆ ಕಣ್ಣು ಉಜ್ಜಿಕೊಂಡು, ಕಾಲ ಬಳಿ ಗೊಣಗುತ್ತಿದ್ದ ದನಿಯನ್ನು ಗುರುತಿಸಿ, "ಪುಟ್ಟತಾಯಮ್ಮ, ಯಾಕ್ ನೆಲದ್ ಮ್ಯಾಲೆ ಬಿದ್ದಿದ್ದೀಯ?" ಎಂದು ಕನ್ನಡದಲ್ಲಿ ಕೇಳಿದರು.

ಪುಟ್ಟತಾಯಮ್ಮನಿಗೆ ಅವಮಾನವಾಯಿತು. "ಎರಡ್ ಚಮಚ ಸಕ್ಕರೆಗೆ ಹೋಗ್ಬುಡೋ ದೇವ್ರಾ ಸಾರ್ ಇದು?"

"ಗ್ಲೂಕೋಸ್ ಪುಡಿ ಇದ್ದಿದ್ರೆ ಇನ್ನೂ ಬೇಗ ಹೋಗೋದು ಕಣವ್ವ" ಎಂದರು ಮಾವ.

ಆದರೂ ಆಕೆ ಹೋಗುವಾಗ ನನ್ನನ್ನು ಮೂಲೆಗೆ ಕರೆದು ಆ ತೆಲುಗು ಮಾತಿನ ಅರ್ಥ ಕೇಳಿದರು. ನಿಮ್ಮ ಮನೆಯ ಮುಂದೆ ಯಾರೋ ಕೂತಿದ್ದಾರಂತೆ ಎಂದೆ. ಹೋಗಿ ನೋಡಿ ಬಂದು ನಿಟ್ಟುಸಿರಿಟ್ಟರು. "ನಮ್ ಮಾವ ಕಣಮ್ಮ. ಅವ್ರು ದಿನಾ ಜಗ್ಲಿ ಮ್ಯಾಲೆ ಕೂತ್ಕಳಾಕಿಲ್ವ?" ಎರಡು ಮನೆಗಳ ನಡುವೆ ಆಳೆತ್ತರದ ಗೋಡೆಯಿದೆ, ಅತ್ತೆಗೆ ಕಣ್ಣೂ ಕಾಣುವುದಿಲ್ಲ. ಇದನ್ನು ನಾನು ಆಗ ಹೇಳಲು ಹೋಗಲಿಲ್ಲ.

ಅಂದಿನಿಂದ ಮಾವನಿಗೆ ಒಂದೇ ಹಟ. ಚುಚ್ಚದೆ ಅಳೆಯುವ ಯಂತ್ರ ಬೇಕು. ಗಳಿಗೆಗೊಮ್ಮೆ ಅಳೆಯುತ್ತಿರಬೇಕು, ಬೆರಳಿಗೆ ನೋವಾಗಬಾರದು. ತೋಳಿಗೆ ಅಂಟಿಸುವ ಬಿಲ್ಲೆಯೊಂದಿದೆಯೆಂದು ಡಾಕ್ಟರು ಅದನ್ನು ಹಾಕಿಸಿದರು. ಅದು ಸರಿಯಾಗಿಯೇ ಅಳೆಯಿತು. ಆದರೆ ನಮ್ಮ ಬೇಸಿಗೆಗೆ ಅದರ ಅಂಟಿನ ಕೆಳಗೆ ಅತ್ತೆಯ ಚರ್ಮ ಬೊಬ್ಬೆ ಎದ್ದು, ಡಾಕ್ಟರೇ ತೆಗೆಸಿದರು. ಆಮೇಲೆ ಯಾರೋ ಹೇಳಿದರೆಂದು ಒಂದು ಉಂಗುರ ಬಂತು. ಅದು ಅಳೆಯಿತೋ ಇಲ್ಲವೋ ತಿಳಿಯಲಿಲ್ಲ. ಬೆರಳಿನಿಂದ ಬಿಡಿಸಲು ಅರ್ಧ ಸಾಬೂನು ಕರಗಿತು!

ಕೊನೆಗೆ ತಪ್ಪು ಮಾಡಿದವಳು ನಾನು. ಫೋನಿನಲ್ಲಿ ಜಾಹೀರಾತೊಂದು ಬಂತು. ಸೂಜಿ ಇಲ್ಲ, ರಕ್ತ ಇಲ್ಲ, ಮಣಿಕಟ್ಟಿಗೆ ಕಟ್ಟಿದರೆ ಸಾಕು, ಸಕ್ಕರೆ ಎಷ್ಟೆಂದು ಹೇಳುವ ಕೈಗಡಿಯಾರ. ಅಂಥದ್ದನ್ನು ಇನ್ನೂ ಯಾರೂ ನಂಬುವಂತೆ ಮಾಡಿ ತೋರಿಸಿಲ್ಲವೆಂದು ಎಲ್ಲೋ ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಅತ್ತೆಯ ಬೆರಳು ಕಣ್ಣಿನ ಮುಂದಿತ್ತು. ತರಿಸಿಬಿಟ್ಟೆ.

ಅತ್ತೆಯ ಕೈಗೆ ಕಟ್ಟಿದೆವು. ಅಡಿಯಲ್ಲಿ ಹಸಿರು ದೀಪ ಮಿನುಗಿತು. ನೂರಾ ನಾಲ್ಕು.

"ಆಯ್ತಾ? ಇಷ್ಟೇನಾ? ನೋವೇ ಆಗ್ಲಿಲ್ವಲ್ಲೇ!" ಎಂದು ಅತ್ತೆ ಚಿಕ್ಕ ಹುಡುಗಿಯಂತೆ ನಕ್ಕರು. ಮಾವ ನಗಲಿಲ್ಲ. ಗಡಿಯಾರವನ್ನು ಬಿಚ್ಚಿಕೊಂಡು ಅಡುಗೆಮನೆಗೆ ಹೋದರು. "ಖಾಲಿ ತಟ್ಟೆ ಏನ್ ಹೇಳ್ತದೆ ನೋಡುವ."

ಒನಕೆಗೆ ಕಟ್ಟಿದರು. ತೊಂಬತ್ತೆಂಟು. ಸೋರೆಕಾಯಿಗೆ ಕಟ್ಟಿದರು. ನೂರಾ ಏಳು, ನಾಡಿ ಎಂಬತ್ತಾರು. "ಸೋರೇಕಾಯಿಗೆ ಏನೋ ಯೋಚ್ನೆ ಹತ್ತಿದಂಗೈತೆ. ಸಾರಿಗೆ ಹಾಕ್ತಾರೆ ಅಂತ ಗೊತ್ತಾಗೈತೆ" ಎಂದರು. ಮೇಜಿನ ಕಾಲಿಗೆ ಕಟ್ಟಿದರು, ರಾಗಿ ಚೀಲದ ಕಿವಿಗೆ ಕಟ್ಟಿದರು, ನನ್ನ ಬ್ಯಾಗಿನ ಹಿಡಿಗೆ ಕಟ್ಟಿದರು. ಎಲ್ಲರೂ ಆರೋಗ್ಯವಂತರು! ಮಾರನೆಯ ದಿನವೇ ಬೆಟ್ಟದ ತಪಾಸಣೆ ನಡೆದದ್ದು.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬೇಗ ಬಂದೆ. ಮನೆಯಲ್ಲಿ ಯಾರೂ ಇರಲಿಲ್ಲ. ಗಡಿಯಾರ ಖಾಲಿ ಮಂಚದ ನಡುವೆ, ಯಾರಾದರೂ ಕೈ ಚಾಚಿ ಮಲಗಿದರೆ ಮಣಿಕಟ್ಟು ಬರುವ ಜಾಗದಲ್ಲಿ ಬಿದ್ದಿತ್ತು. ಹಸಿರು ದೀಪ ಹೊತ್ತಿಕೊಂಡು ಎಣಿಸುತ್ತಿತ್ತು. ಎಪ್ಪತ್ತೆರಡು. ಎಪ್ಪತ್ಮೂರು. ಎಪ್ಪತ್ತೆರಡು. ನಾನು ಹತ್ತಿರ ಹೋಗುತ್ತಿದ್ದಂತೆ ಎಂಬತ್ತೊಂಬತ್ತು. ನನ್ನನ್ನು ಕಂಡು ಯಾರಿಗೋ ಗಾಬರಿಯಾದ ಹಾಗೆ! ಅದರ ಮೇಲೆ ದುಪ್ಪಟಿ ಎಳೆದು, ಜಗಲಿಯ ಮೇಲೆ ಕೂತು, ಅವರು ಬರುವವರೆಗೂ ಉತ್ತರಪತ್ರಿಕೆ ತಿದ್ದಿದೆ. ಅಂದು ಹಲವರಿಗೆ ಹೆಚ್ಚು ಅಂಕ ಬಿದ್ದಿರಬೇಕು.

ಮಾವ ಅದನ್ನು ಶಿರಾಕ್ಕೆ ಒಯ್ದು ಒಬ್ಬ ಹಳೆಯ ಗಡಿಯಾರ ರಿಪೇರಿಯವರ ಮುಂದಿಟ್ಟರು. ನಾನೂ ಜೊತೆಗಿದ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಬೆನ್ನು ಬಿಚ್ಚಿ, ಬಹಳ ಹೊತ್ತು ನೋಡಿದರು.

"ಸಾಹೇಬ್ರೆ, ಇದ್ರಾಗೆ ಏನೂ ಇಲ್ಲ. ಒಂದು ಬ್ಯಾಟ್ರಿ, ಒಂದು ಹಸ್ರು ಬತ್ತಿ. ಇದು ನೋಡಾಕಿಲ್ಲ, ಬರೀ ಬೋಲ್ತಾ ಹೈ, ಬಾಯಿಗೆ ಬಂದಿದ್ದು ಹೇಳ್ತದೆ."

"ಮತ್ತೆ ಈ ನಂಬ್ರ ಎಲ್ಲಿಂದ ಬತ್ತದೆ?"

"ಖುದಾಗೇ ಗೊತ್ತು."

ಅಷ್ಟರಲ್ಲಿ ಕರುಳು ಹೊರಗೆ ಹಾಕಿಕೊಂಡು ಮೇಜಿನ ಮೇಲೆ ಬಿದ್ದಿದ್ದ ಗಡಿಯಾರ ಮಿನುಗಿತು. ನೂರಾ ನಾಲ್ಕು. ರಿಪೇರಿಯವರು ಸರಕ್ಕನೆ ಕೈ ಹಿಂತೆಗೆದರು. "ನಿಮ್ ಅಂಗ್ಡಿಗೂ ಶುಗರ್ ಇಲ್ಲ, ಆರಾಮಾಗಿರಿ" ಎಂದು ಮಾವ ಅದನ್ನು ಕಟ್ಟಿಸಿಕೊಂಡು ಜೇಬಿಗೆ ಹಾಕಿಕೊಂಡರು.

ಸುಳ್ಳೆಂದು ಗೊತ್ತಾದ ಮೇಲೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಬಸ್ಸಿನಲ್ಲಿ ಕೇಳಿದೆ. ಕಿಟಕಿಯ ಕಡೆ ನೋಡುತ್ತ ಅಂದರು: "ನೀನು ಆಸೆಯಿಂದ ತಂದಿದ್ದಲ್ವೇನಮ್ಮ. ಒಂದೇ ದಪಕ್ಕೆ ಸುಳ್ಳು ಅಂತ ಹೆಂಗನ್ಲಿ? ಇನ್ನೊಂದಷ್ಟು ನೋಡುವ."

ಆ ಇನ್ನೊಂದಷ್ಟು ನೋಡುವ ಸಂದರ್ಭ ಪಕ್ಕದ ಮನೆಯಲ್ಲೇ ಒದಗಿತು. ಪುಟ್ಟತಾಯಮ್ಮನ ಮಾವ ತೀರಿಕೊಂಡರು. ಬೆಳಿಗ್ಗೆ ಜಗಲಿಯ ಮೇಲೆ ಕೂತವರು ಮಧ್ಯಾಹ್ನ ಊಟಕ್ಕೆ ಕರೆದಾಗ ಏಳಲಿಲ್ಲ. ದಿನವೂ ಹಾಗೆಯೇ ಕೂರುತ್ತಿದ್ದ ಕಾರಣ ಯಾವ ಹೊತ್ತಿನಿಂದ ಅವರು ಬರಿದಾಗಿ ಕೂತಿದ್ದರೋ ಯಾರಿಗೂ ಗೊತ್ತಾಗಲಿಲ್ಲ. ಹಾಲಿನವನು ಅವರಿಗೆ ನಮಸ್ಕಾರ ಹೇಳಿ ಹೋಗಿದ್ದನಂತೆ. ಪುಟ್ಟತಾಯಮ್ಮ ನನ್ನನ್ನು ಕಂಡವರೇ ಕೈ ಹಿಡಿದು, "ಯಾರೋ ಕೂತವ್ರೆ ಅಂದಿತ್ತಲ್ವ ತಾಯಿ!" ಎಂದು ಅತ್ತರು. ನಾನು ಎರಡು ಮನೆಗಳ ನಡುವಿನ ಗೋಡೆಯತ್ತ ನೋಡಿದೆ.

ಹೆಣದ ತಲೆಯ ಬಳಿ ದೀಪ, ಸುತ್ತ ಹೆಂಗಸರು. ಮಾವ ಗೌರವದಿಂದ ಪಕ್ಕದಲ್ಲಿ ಕೂತು ಮೃತರ ಕೈ ಹಿಡಿದುಕೊಂಡರು. ಎಂಥ ಸ್ನೇಹವೆಂದು ಜನ ಮರುಗಿದರು. ಬಿಳಿ ಬಟ್ಟೆಯ ಕೆಳಗೆ ಹಸಿರು ಬೆಳಕೊಂದು ಮಿನುಗಿದ್ದು ನನಗೆ ಮಾತ್ರ ಕಂಡಿತು.

"ಮಾವಾ!" ಎಂದು ಪಿಸುಗುಟ್ಟಿದೆ.

"ಇದಕ್ಕಿಂತ ಖಾಲಿ ತಟ್ಟೆ ಇನ್ಯಾವ್ದು ಸಿಕ್ತದೆ ಕಣಮ್ಮ?" ಎಂದು ಮಾವನೂ ಪಿಸುಗುಟ್ಟಿದರು.

ಹಿಂದೆ ಕೂತಿದ್ದ ನೆಂಟರೊಬ್ಬರು ಬಗ್ಗಿ, "ಏನ್ ಸಾರ್, ಟೈಮ್ ನೋಡ್ತಿದ್ದೀರಾ?" ಎಂದು ಕೇಳಿದರು.

"ಹೂಂ. ಇವರದ್ದು ನಿಂತೈತೆ, ಇದು ನಿಲ್ತಾ ಇಲ್ಲ" ಎಂದರು ಮಾವ.

ನಾಡಿ ಎಪ್ಪತ್ತೆರಡು. ಸಕ್ಕರೆ ನೂರಾ ನಾಲ್ಕು. ಮೊದಲ ದಿನ ನಗುತ್ತಿದ್ದ ಅತ್ತೆಯ ಕೈಗೆ ಕಟ್ಟಿದಾಗ ಬಂದದ್ದೂ ಅದೇ ನೂರಾ ನಾಲ್ಕು. ನಾವಿಬ್ಬರೂ ಅದನ್ನು ಒಟ್ಟಿಗೇ ನೆನೆಸಿಕೊಂಡೆವೆಂದು ಕಾಣುತ್ತದೆ. ಮಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡ ಮಾವ ಗಡಿಯಾರವನ್ನು ಒಂದು ಚಿಂದಿಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದರು. "ಬದುಕಿರೋಳ್ಗೂ ಸತ್ತೋನ್ಗೂ ಒಂದೇ ತೂಕ ಹೇಳೋ ತಕ್ಕಡಿ ನನ್ ಸರ್ವೀಸ್‌ನಾಗೆ ನೋಡಿರ್ಲಿಲ್ಲ" ಎಂದರು. ಆ ವಾರವೆಲ್ಲ ಅವರು ತಮಾಷೆ ಮಾಡಲಿಲ್ಲ.

ಗೌಡಗೆರೆಯಿಂದ ಬೀಜದ ಚೀಲ ಬಂದದ್ದು ಅದೇ ವಾರ. ಅತ್ತೆ ಹುರುಪಿನಿಂದ ಮೊರದ ಮುಂದೆ ಕೂತರು. ಸಂಜೆ ನಾನು ಬಂದು ಪಕ್ಕದಲ್ಲಿ ಕೂತವಳು ಸುಮ್ಮನೆ ಒಳ್ಳೆಯ ಬೀಜದ ರಾಶಿಗೆ ಕೈ ಹಾಕಿದೆ. ಮೊದಲು ಸಿಕ್ಕ ಬೀಜದ ಸಿಪ್ಪೆ ಹರಿದಿತ್ತು. ಎರಡನೆಯದೂ. ಒಂದು ಹಿಡಿ ತೆಗೆದು ನೋಡಿದೆ. ಅರ್ಧಕ್ಕರ್ಧ ಹರಿದವೇ. ಅತ್ತೆ ಹಾಡಿಕೊಳ್ಳುತ್ತ ಬೀಜ ಉರುಳಿಸುತ್ತಲೇ ಇದ್ದರು. ತಲೆಯೆತ್ತಿದರೆ, ಬಾಗಿಲಲ್ಲಿ ಮಾವ ನನ್ನ ಅಂಗೈಯನ್ನೇ ನೋಡುತ್ತ ನಿಂತಿದ್ದರು.

ಅವರು ಬಂದು ಕೂತು, ಒಂದು ಹರಿದ ಬೀಜವನ್ನು ಅತ್ತೆಯ ಬಲಗೈ ತೋರುಬೆರಳಿಗೆ ಇಟ್ಟರು. "ಇದು ಹೆಂಗೈತೆ?"

"ನುಣ್ಣಗೈತೆ. ಯಾಕೆ?"

ಅದೇ ಬೀಜವನ್ನು ಎಡಗೈ ಬೆರಳಿಗೆ ಇಟ್ಟರು. "ಇದು?"

"ಅಯ್ಯ, ಇದು ಹರಿದೋಗೈತಲ್ರೀ! ಯಾರಿದನ್ನ ಈ ಕಡೀಕೆ ಹಾಕಿದ್ದು?"

ಮಾವ ಅತ್ತೆಯ ಬಲಗೈಯನ್ನು ಬೆಳಕಿಗೆ ಹಿಡಿದರು. ಬೆರಳ ತುದಿಯಲ್ಲಿ ಕಂದು ಚುಕ್ಕೆಗಳು, ಒಂದರ ಮೇಲೊಂದು, ಜರಡಿಯ ಹಾಗೆ. ಚರ್ಮ ಗಡುಸಾಗಿ ಜಡ್ಡುಗಟ್ಟಿತ್ತು. ಕಾಯಿಲೆಯಿಂದಲೂ ಬೆರಳು ಜೋಮು ಹಿಡಿಯುತ್ತದೆ ಮಾವ ಎಂದೆ. ಅದು ನಿಜವೇ. ಆದರೆ ಅದೇ ಕಾಯಿಲೆಯ ಎಡಗೈ ಬೆರಳು ಎದುರಿಗೇ ಸಾಕ್ಷಿ ಹೇಳಿತ್ತು.

"ಏಳು ವರ್ಸ ಒಂದೇ ಜಾಗದಾಗೆ" ಎಂದರು. "ತೂಕದ ಕಲ್ಲಿಗೆ ಮುದ್ರೆ ಒತ್ತಿದಂಗೆ ಒತ್ತಿಬುಟ್ಟೆ ಕಣಮ್ಮ."

ಅಂದಿನಿಂದ ಮೀಟರು ಪೆಟ್ಟಿಗೆ ಸೇರಿತು. ಡಾಕ್ಟರಿಗೆ ಫೋನು ಮಾಡೋಣ, ಬೇರೆ ಬೆರಳು ನೋಡೋಣ ಎಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕೈಗೆ ಮತ್ತೆ ಸೂಜಿ ಮುಟ್ಟಿಸುವುದಿಲ್ಲವೆಂದು ಹಟ ಹಿಡಿದರು. ನಾನು ಚುಚ್ಚುತ್ತೇನೆಂದರೆ ಪೆಟ್ಟಿಗೆಯ ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡರು! ಬದಲಿಗೆ ತಾವೇ ಯಂತ್ರವಾದರು. ಸಕ್ಕರೆ ಇಳಿದರೆ ಬುದ್ಧಿ ಮಂಕಾಗುತ್ತದಲ್ಲವೇ? ಅರ್ಧ ಗಂಟೆಗೊಮ್ಮೆ ಮಗ್ಗಿ ಕೇಳಿದರೆ ಸಾಕು ಎಂದು ಲೆಕ್ಕ ಹಾಕಿದರು. ಸೂಜಿಯಿಲ್ಲ, ರಕ್ತವಿಲ್ಲ!

"ಹದಿನಾರೊಂಬತ್ಲೆ?" ಎಂದು ಹಿತ್ತಲಿನಿಂದ ಕೂಗುತ್ತಿದ್ದರು.

"ನೂರಾ ನಲವತ್ನಾಲ್ಕು. ಸ್ನಾನ ಮಾಡಾಕ್ ಬುಡ್ರಿ!" ಎಂದು ಬಚ್ಚಲಿನಿಂದ ಉತ್ತರ ಬರುತ್ತಿತ್ತು.

ಎರಡು ದಿನ ಕೇರಿಗೆ ಕೇರಿಯೇ ಮಗ್ಗಿ ಕೇಳಿತು. ಮೂರನೆಯ ದಿನ ಭಾನುವಾರ, ನಡುಹಗಲು. ಬೆಟ್ಟದ ಬಿಸಿ ಮನೆಯೊಳಗೆ ನುಗ್ಗಿ ಎಲ್ಲ ಸದ್ದೂ ಅಡಗಿತ್ತು. ಮಾವ ಪತ್ರಿಕೆಯಿಂದ ತಲೆಯೆತ್ತದೆ, "ಹದಿನೇಳೆಂಟ್ಲೆ?" ಎಂದು ಕೂಗಿದರು.

ಒಳಗಿನಿಂದ ಸ್ವಲ್ಪ ತಡವಾಗಿ, ತಣ್ಣಗೆ ಉತ್ತರ ಬಂತು. "ನೂಟ ಮುಪ್ಪೈ ಆರು."

ಉತ್ತರ ಸರಿಯಾಗಿತ್ತು. ಹದಿನೇಳೆಂಟ್ಲೆ ನೂರಾ ಮೂವತ್ತಾರೇ. ಆದರೆ ಭಾಷೆ ಬೇರೆ, ದನಿ ಬೇರೆ. ಮಾವನ ಕೈಯಿಂದ ಪತ್ರಿಕೆ ಜಾರಿತು. ನಾವಿಬ್ಬರೂ ಒಳಗೆ ಓಡಿದೆವು. ಅತ್ತೆ ಗೋಡೆಗೆ ಒರಗಿ, ಪಕ್ಕದ ಖಾಲಿ ಜಾಗದ ಮೇಲೆ ಕೈಯೂರಿ, ಗುಟ್ಟು ಹೇಳುವ ಮಗುವಿನಂತೆ ನಗುತ್ತಿದ್ದರು.

"ಅಕ್ಕ ಚೆಪ್ಪಿಂದಿ" ಎಂದರು. ಅಕ್ಕ ಹೇಳಿಕೊಟ್ಟಳು.

ಆಮೇಲೆ ಅವರ ಕಣ್ಣುಗುಡ್ಡೆ ಮೇಲಕ್ಕೆ ಸರಿಯಿತು.

ಮಾವ ಕೆನ್ನೆಯೊಳಗೆ ಸಕ್ಕರೆ ಸವರುತ್ತ, "ಲೇ, ಇವ್ಳೇ, ಇಲ್ ನೋಡು, ಅಲ್ಲಿ ಹೋಗ್ಬ್ಯಾಡ ಕಣೇ" ಎನ್ನುತ್ತಿದ್ದರು. ನಾನು ಆಂಬುಲೆನ್ಸಿಗೆ ಫೋನು ಹಚ್ಚಿದೆ. ಅದು ಬಾಗಿಲಿಗೆ ಬರುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟು, ಯಾರಿಗೆ ಏನಾಯಿತೆಂದು ನನ್ನನ್ನೇ ಕೇಳಿದರು. ಬಂದ ನರ್ಸು ಎಲ್ಲ ಪರೀಕ್ಷಿಸಿ, ಮಾವನನ್ನು ಚೆನ್ನಾಗಿ ಬೈದು, ಇನ್ನು ಮೇಲೆ ದಿನಕ್ಕೆ ನಾಲ್ಕು ಸಲ ಅಳೆಯದಿದ್ದರೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತೇವೆಂದು ಹೇಳಿ ಹೋದಳು.

ಮನೆ ಮತ್ತೆ ಸದ್ದಿಲ್ಲದಾಯಿತು. ಮಾವ ಅತ್ತೆಯ ಎದುರು ಚಾಪೆಯ ಮೇಲೆ ಕುಸಿದು ಕೂತಿದ್ದರು. ಪೆಟ್ಟಿಗೆ ತೆರೆದು ಮೀಟರು ಹೊರಗಿಟ್ಟಿದ್ದರು, ಮುಟ್ಟಲು ಧೈರ್ಯವಿರಲಿಲ್ಲ.

"ಇನ್ನೊಂದು ಸ್ವಲ್ಪ ದಿನ ತಡ್ಕಳೇ" ಎಂದರು. "ಎಲ್ಲೆಲ್ಲೋ ಕಂಡುಹಿಡೀತಾ ಅವ್ರಂತೆ. ನಿಜವಾದ್ದು ಬಂದೇ ಬತ್ತದೆ. ಚುಚ್ಚಂಗಿಲ್ಲ, ಮುಟ್ಟಂಗೂ ಇಲ್ಲ."

"ನಂಗೆ ಆ ಮಿಸೀನು ಬ್ಯಾಡ" ಎಂದರು ಅತ್ತೆ.

"ಯಾಕೆ?"

"ಮುಟ್ಟಂಗೂ ಇಲ್ಲ ಅಂತೀರಲ್ಲ."

ಮಾವನಿಗೆ ಅರ್ಥವಾಗಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಮಡಿಸುತ್ತ, ಬಿಡಿಸುತ್ತ, ಗೋಡೆಯ ಕಡೆ ಮುಖ ಮಾಡಿ ಹೇಳಿದರು.

"ಮದ್ವೆಯಾಗಿ ಮೂವತ್ತೆಂಟು ವರ್ಸ ಆಯ್ತು. ನಾಲ್ಕು ತಾಲ್ಲೂಕಿನ ತಕ್ಕಡಿ ಮುಟ್ಟಿದ್ರಿ. ನನ್ ಕೈ ಹಿಡಿದಿದ್ದು ಧಾರೆ ದಿನ ಒಂದ್ಸಲ. ಈ ಕಾಯ್ಲೆ ಬಂದ್ ಮ್ಯಾಲೆ ದಿನಾ ಹೊತ್ತಾರೆ ಕೂರಿಸ್ಕಂಡು, ಕೈ ತೊಳ್ಸಿ, ಒರ್ಸಿ, ಹಿಡ್ಕಂತಿದ್ರಿ. ನಂಗೆ ಸೂಜಿ ಯಾವತ್ತೂ ನೋಯ್ಲಿಲ್ಲ." ಸೆರಗನ್ನು ಕೈಬಿಟ್ಟು ಅಂದರು: "ಮೂರು ದಿನ ಆಯ್ತು, ಯಾರೂ ಹಿಡೀಲಿಲ್ಲ."

ಅತ್ತೆ ಎಡಗೈ ಕಿರುಬೆರಳನ್ನು ಗಾಳಿಯಲ್ಲಿ ಮುಂದೆ ಚಾಚಿದರು. "ಇದ್ರಾಗೆ ತಗಳಿ. ಡಾಕ್ಟ್ರು ಹೇಳ್ದಂಗೆ ಪಕ್ಕಕ್ಕೆ. ಲೆಕ್ಕ ತಪ್ಪಿದ್ರೆ ತಪ್ಲಿ."

ಮಾವ ಆ ಕೈಯನ್ನು ಎರಡೂ ಕೈಗಳಿಂದ ತೆಗೆದುಕೊಂಡರು. ತೊಳೆಸಿದರು. ಒರೆಸುವುದು ಮಾತ್ರ ಮುಗಿಯಲೇ ಇಲ್ಲ. ಕೊನೆಗೆ ಬೆರಳ ಪಕ್ಕಕ್ಕೆ ಸೂಜಿ ತಾಗಿಸಿ, ಹನಿಯನ್ನು ಮೀಟರಿಗೆ ಮುಟ್ಟಿಸಿ, ಹತ್ತಿ ಒತ್ತಿ ಹಿಡಿದರು. ಮೀಟರು ಐದು, ನಾಲ್ಕು, ಮೂರು ಎಂದು ಎಣಿಸಿ ಅಂಕಿ ತೋರಿಸಿತು. ಜೀವಮಾನವೆಲ್ಲ ಅಂಕಿಯನ್ನೇ ನೋಡುತ್ತ ಬಂದ ಮನುಷ್ಯ ಅತ್ತ ತಿರುಗಲಿಲ್ಲ. ನಾನೇ ಬಗ್ಗಿ ನೋಡಿದೆ. ಭಯಪಡುವಂಥದ್ದೇನೂ ಇರಲಿಲ್ಲ. ಹೇಳೋಣವೆಂದು ಬಾಯಿ ತೆರೆದೆ, ಆದರೆ ಅಲ್ಲಿ ಕೇಳುವವರು ಯಾರೂ ಇದ್ದಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೀಟರು ತಾನಾಗಿಯೇ ಆರಿಹೋಯಿತು. ನಾನು ಸದ್ದಾಗದಂತೆ ಚಪ್ಪಲಿ ಮೆಟ್ಟಿಕೊಂಡು, ಮನೆಯಲ್ಲಿ ಹಾಲಿದ್ದರೂ, ಹಾಲು ತರಲು ಹೊರಟೆ.